ಮಳೆಗಾಲಕ್ಕೆ ಮೂವರು ಗೌರಮ್ಮಂದಿರು

ನೀವು ಕೇಳಿದ್ದು ಇಷ್ಟು: ಕೆಲಸದ ಮೇಲೆ ಜೂನ್‌ನಿಂದ ಮೂರು ತಿಂಗಳು ಮಡಿಕೇರಿಯಲ್ಲಿರಬೇಕು, ಮಳೆ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ಕಾದಂಬರಿಯೋ ಜೀವನಚರಿತ್ರೆಯೋ, ಕೊಡಗಿನವರು ನಿಜವಾಗಿ ಓದಿ ಖುಷಿಪಟ್ಟ ಪುಸ್ತಕ ಹೇಳಿ, ಉದ್ದದ ಪಟ್ಟಿ ಬೇಡ.

ಹೆದರಿಸಿದವರು ಸುಳ್ಳು ಹೇಳಿಲ್ಲ. ಜುಲೈನಲ್ಲಿ ಕರೆಂಟು ಹೋದರೆ ಎಷ್ಟು ಗಂಟೆಗೆ ಬರುತ್ತೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ, ಯಾವತ್ತು ಬರುತ್ತೆ ಅಂತ ಕೇಳುತ್ತಾರೆ. ಮೊಬೈಲು ಸತ್ತು ಬಿದ್ದಿರುತ್ತೆ. ಆಗ ಪುಸ್ತಕವೇ ಗತಿ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಗಂದ ತಕ್ಷಣ ಬೆಂಗಳೂರಿನವರು ಯಾವ ಪುಸ್ತಕ ಬರೆದಿದ್ದೀರಿ ಅಂತ ಕೇಳುತ್ತಾರೆ. ನಾನು ಬರೆಯುವುದು ಚೆಕ್‌ರೋಲ್. ಇವತ್ತು ಯಾರು ಬಂದರು, ಯಾರದು ಅರ್ಧ ದಿನ, ಯಾರಿಗೆ ಎಷ್ಟು ಮುಂಗಡ ಕೊಟ್ಟಾಯಿತು, ನಿನ್ನೆ ಎಷ್ಟು ಇಂಚು ಮಳೆ. 22 ವರ್ಷದಿಂದ ಅದನ್ನೇ ಬರೆಯುತ್ತಿದ್ದೇನೆ. ಹಾಗಾಗಿ ನನ್ನ ಮಾತನ್ನು ವಿಮರ್ಶಕರ ಮಾತು ಅಂದುಕೊಳ್ಳಬೇಡಿ.

ಮೂರು ಪುಸ್ತಕ ಹೇಳುತ್ತೇನೆ. ಹುಡುಕಿ ಜೋಡಿಸಿದ್ದಲ್ಲ, ಆಮೇಲೆ ಯಾವಾಗಲೋ ಹೊಳೆದದ್ದು: ಮೂರರಲ್ಲೂ ಒಬ್ಬೊಬ್ಬ ಗೌರಮ್ಮ ಇದ್ದಾರೆ. ಒಬ್ಬರು ಕತೆ ಬರೆದವರು, ಒಬ್ಬರು ರಾಣಿ, ಇನ್ನೊಬ್ಬಳು ಊರನ್ನೇ ಕಾಣದ ರಾಜಕುಮಾರಿ.

ಕೊಡಗಿನ ಪುಸ್ತಕ ಅಂದರೆ ಎಲ್ಲರೂ ಮೊದಲು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೈಗೆ ಕೊಡುತ್ತಾರೆ. ನೀವು ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲು ಕೊಡಗಿನ ಗೌರಮ್ಮನವರ ಕತೆ ಓದಿ. ಕೇಳಿದ್ದು ಕಾದಂಬರಿ ಅಲ್ವಾ ಅನ್ನಬೇಡಿ. ಮೊದಮೊದಲು ಮಳೆಗೆ ಮನಸ್ಸು ನಿಲ್ಲುವುದಿಲ್ಲ, ಸಣ್ಣ ಕತೆಯೇ ಸರಿ.

ಗೌರಮ್ಮ ಮಡಿಕೇರಿಯಲ್ಲಿ ಹುಟ್ಟಿದ್ದು 1912ರಲ್ಲಿ. ಗಂಡ ನಮ್ಮ ಸುಂಟಿಕೊಪ್ಪದ ಬಳಿಯ ಗುಂಡುಗುಟ್ಟಿ ತೋಟದಲ್ಲಿ ಕೆಲಸದಲ್ಲಿದ್ದರು. ನಾನು ದಿನಾ ಬೈಕಿನಲ್ಲಿ ಓಡಾಡುವ ದಾರಿ ಅದು. ಕತೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಈಕೆ ಊಟ ಬಿಟ್ಟು ಕೂತರು. ಉಪವಾಸದ ಗುರುವಿಗೇ ಉಪವಾಸದ ಪೆಟ್ಟು! ಗಾಂಧೀಜಿ ಬಂದರು. ಈಕೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಆಗ ವಯಸ್ಸು ಇನ್ನೂ 22ರ ಆಸುಪಾಸು. ಐದು ವರ್ಷ ಕಳೆದು, 1939ರ ಏಪ್ರಿಲ್‌ನಲ್ಲಿ, ಈಜಲು ಹೋದವರು ಸುಳಿಗೆ ಸಿಕ್ಕಿ ತೀರಿಕೊಂಡರು. ‘ಕಂಬನಿ’, ‘ಚಿಗುರು’ ಎರಡೂ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. ತಂಗಿ ಅಂತ ಕರೆಯುತ್ತಿದ್ದ ಬೇಂದ್ರೆಯವರು ಅವರ ಮೇಲೊಂದು ಪದ್ಯ ಬರೆದಿದ್ದಾರೆ. ಒಟ್ಟು ಕತೆ 20 ಚಿಲ್ಲರೆ, ಅಷ್ಟೇ.

ನನಗೆ ಈ ಕತೆಗಳು ಯಾಕೆ ಇಷ್ಟ? ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು, ಮದುವೆ ಅಂತ ನಂಬಿ ಮೋಸ ಹೋದವರು, ಹೀಗೆ ಅವರ ಹೆಂಗಸರು. ಇಂಥ ಕತೆ ಆ ಕಾಲದಲ್ಲಿ ಬೇರೆಯವರೂ ಬರೆದಿದ್ದಾರೆ. ಆದರೆ ಗೌರಮ್ಮ ಅಳಿಸುವುದಕ್ಕೆ ಹೋಗುವುದಿಲ್ಲ. ಪಕ್ಕದ ಮನೆಯ ಸುದ್ದಿಯನ್ನು ಗೆಳತಿಗೆ ಹೇಳಿದ ಹಾಗೆ ಹೇಳುತ್ತಾರೆ. ಬೈಗುಳ ಇಲ್ಲ, ಭಾಷಣ ಇಲ್ಲ. ಹೇಳಿ ಮುಗಿಸಿ ಸುಮ್ಮನಾಗುತ್ತಾರೆ. ಸಿಟ್ಟು ಬರುವುದು ನಮಗೆ, ಅದೂ ಆಮೇಲೆ, ಚಿಮಣಿ ಆರಿಸಿ ಮಲಗಿದ ಮೇಲೆ.

ಒಂದು ಸಲ ಹೀಗಾಯಿತು. ಆಗಸ್ಟ್ ತಿಂಗಳು, ಗೊಬ್ಬರ ಹಾಕುವ ಕೆಲಸ. ಹತ್ತು ಗಂಟೆಗೆ ಮಳೆ ಎಷ್ಟು ಜೋರಾಯಿತು ಅಂದರೆ ಎಲ್ಲರೂ ಗೊಬ್ಬರದ ಶೆಡ್ಡಿಗೆ ಓಡಿ ಬಂದೆವು. ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಕೊಡವಿ ಮೂಟೆಗಳ ಮೇಲೆ ಕೂತು, ಕಾಲಿಗೆ ಹತ್ತಿದ ಜಿಗಣೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಚೀಲದಲ್ಲಿ ಪುಸ್ತಕ ಇತ್ತು. ‘ಸುಮ್ನೆ ಕೂರೋ ಬದಲು ಏನಾದ್ರೂ ಓದಿ ರೈಟ್ರೇ’ ಅಂದರು. ‘ಅಪರಾಧಿ ಯಾರು?’ ಅನ್ನುವ ಕತೆ ಓದಿದೆ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಕಿರುಚಿಕೊಂಡೇ ಓದಬೇಕಾಯಿತು. ಕತೆ ಏನು ಅಂತ ಹೇಳುವುದಿಲ್ಲ, ನೀವೇ ಓದಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಲೈನ್‌ಮನೆಯ ಹಿರಿಯಕ್ಕ ಒಬ್ಬರು, ಜಿಗಣೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ, ‘ಈಗ ಅದೆಲ್ಲ ಇಲ್ಲ ಅಂತ ಬರೆದಿದ್ದಾರಾ ಕೊನೆಗೆ?’ ಅಂದರು. ಇಲ್ಲ ಅಕ್ಕ ಅಂದೆ. ‘ಸದ್ಯ’ ಅಂದು ಜಿಗಣೆಯನ್ನು ಹೊರಗೆ ಎಸೆದರು.

ಅವರ ಹಾಗೆ ಪುಸ್ತಕದ ಬಗ್ಗೆ ಮಾತಾಡುವುದು ನನಗೆ ಇನ್ನೂ ಬಂದಿಲ್ಲ.

ಕನ್ನಡ ಓದಲು ಬಾರದ ಸ್ನೇಹಿತರು ಜೊತೆಗಿದ್ದರೆ, ಈ ಕತೆಗಳನ್ನು ಮಡಿಕೇರಿಯವರೇ ಆದ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಜೊತೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದರಲ್ಲ, ಅವರೇ.

ಈಗ ಮಾಸ್ತಿ. 1956ರ ಕಾದಂಬರಿ, ದಪ್ಪ ಪುಸ್ತಕ. ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ಬಂದಾಗ ಎಲ್ಲರ ಬಾಯಲ್ಲೂ ಇದರ ಹೆಸರೇ. ನನ್ನ ಪ್ರತಿಯನ್ನು ಬೂಷ್ಟು ಹಿಡಿಯದಿರಲಿ ಅಂತ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹಾಗಾಗಿ ನನ್ನ ಮಟ್ಟಿಗೆ ಮಾಸ್ತಿ ಅಂದರೆ ಹೊಗೆ ವಾಸನೆ. ನೀವೂ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ವಾರದಲ್ಲಿ ಹಸಿರು ಗಡ್ಡ ಬಿಡುತ್ತೆ.

ಕೊಡಗಿನ ಕೊನೆಯ ರಾಜನ ಕತೆ ಅದು. 1834ರಲ್ಲಿ ಕಂಪನಿಯವರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತಮ್ಮದು ಮಾಡಿಕೊಂಡರು. ಅಷ್ಟರವರೆಗೆ ಏನೇನಾಯಿತು ಅನ್ನುವುದೇ ಪುಸ್ತಕ. ಮಾಸ್ತಿಯವರು ಕೊಡಗಿನವರಲ್ಲ, ಕೋಲಾರದ ಕಡೆಯವರು. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅದು ಪುಸ್ತಕದಲ್ಲಿ ಗೊತ್ತಾಗುತ್ತೆ. ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎದುರುಬದುರು ಕೂತು ಮಾತಾಡುವಾಗ ಆಡಿದ್ದಕ್ಕಿಂತ ನುಂಗಿದ ಮಾತೇ ಜಾಸ್ತಿ. ಕಚೇರಿಯಲ್ಲಿ ಜೀವ ತೇದವರಿಗೇ ಅದು ಸಾಧ್ಯ. ರಾಜ್ಯ ಒಂದೇ ದಿನ ಬೀಳುವುದಿಲ್ಲ, ಒಬ್ಬೊಬ್ಬರೇ ‘ನನಗ್ಯಾಕೆ’ ಅಂದುಕೊಳ್ಳುತ್ತಾ ಹೋಗುತ್ತಾರೆ. ಅದನ್ನು ಅವರು ನಿಧಾನವಾಗಿ, ಅವಸರವೇ ಇಲ್ಲದೆ ತೋರಿಸುತ್ತಾರೆ. ಮೊದಲ ನೂರು ಪುಟ ಸ್ವಲ್ಪ ಎಳೆದ ಹಾಗೆ ಅನ್ನಿಸಬಹುದು. ತಡೆದುಕೊಳ್ಳಿ.

ಅದರಲ್ಲಿ ನನಗೆ ಮನಸ್ಸಿನಲ್ಲಿ ಉಳಿದವರು ರಾಣಿ ಗೌರಮ್ಮಾಜಿ. ಗಂಡ ಎಂಥವನು ಅಂತ ಗೊತ್ತು. ಬಿಟ್ಟು ಹೋಗುವ ಹಾಗಿಲ್ಲ, ಒಪ್ಪುವ ಹಾಗೂ ಇಲ್ಲ. ಮಂತ್ರಿಗಳೂ ರಾಜನಿಗೆ ಹೆದರದಿದ್ದರೂ ಈಕೆಯ ಮುಂದೆ ತಲೆ ತಗ್ಗಿಸುತ್ತಾರೆ. ಕಾದಂಬರಿಗೆ ರಾಜನ ಹೆಸರಿಟ್ಟಿದ್ದಾರೆ, ಆದರೆ ಹೊತ್ತುಕೊಂಡು ಹೋಗುವುದು ರಾಣಿ.

ನಮ್ಮ ಸಾಹುಕಾರರಿಗೆ ಈ ಪುಸ್ತಕ ಅಂದರೆ ಆಗುವುದಿಲ್ಲ. ಕೊಡವರು, 80 ದಾಟಿದವರು, ಮನೆ ತುಂಬ ಪುಸ್ತಕ ಇಟ್ಟುಕೊಂಡವರು. ‘ರಾಜ ಅಷ್ಟು ಕೆಟ್ಟವನಾಗಿದ್ರೆ 14 ವರ್ಷ ಆಳಿದ್ದು ಹೇಗೆ ರೈಟ್ರೇ? ಕೆಟ್ಟವನು ಅಂತ ಬರೆದಿಟ್ಟವರು ಯಾರು? ಅವನ ಖಜಾನೆ ತಗೊಂಡು ಹೋದವರೇ ಅಲ್ವಾ?’ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ರಾಜನ ಬಂಟ ಕುಂಟ ಬಸವ ಬಂದಾಗಲೆಲ್ಲ ಪುಟ ಕಪ್ಪಾಗುತ್ತೆ, ರಾಜನಿಗೆ ಉಸಿರಾಡಲು ಮಾಸ್ತಿಯವರು ಇನ್ನಷ್ಟು ಜಾಗ ಕೊಡಬಹುದಿತ್ತು ಅಂತ ನನಗೂ ಅನ್ನಿಸಿದೆ. ಹಾಗಂತ ಓದದೇ ಇರಬೇಡಿ. ಓದಿ ಮುಗಿಸಿ, ಮಳೆ ಬಿಟ್ಟ ಒಂದು ಸಂಜೆ ಮಡಿಕೇರಿಯ ಗದ್ದಿಗೆಗೆ ಹೋಗಿ. ದೊಡ್ಡವೀರರಾಜ, ಲಿಂಗರಾಜ ಅಲ್ಲಿದ್ದಾರೆ. ಚಿಕ್ಕವೀರರಾಜ ಇಲ್ಲ. ಅವನ ಸಮಾಧಿ ಲಂಡನ್ನಿನಲ್ಲಿ.

ಲಂಡನ್ನಿಗೆ ಯಾಕೆ ಹೋದ ಅಂತೀರಾ? ಅದೇ ಮೂರನೆಯ ಪುಸ್ತಕ, ಮೂರನೆಯ ಗೌರಮ್ಮ.

ಸಿ.ಪಿ. ಬೆಳ್ಳಿಯಪ್ಪ ಅವರು ಕಾಫಿ ಬೆಳೆಗಾರರು, ಕೊಡಗಿನ ಇತಿಹಾಸದ ಬೆನ್ನು ಬಿದ್ದವರು. ವಿಕ್ಟೋರಿಯಾ ಗೌರಮ್ಮನ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನಾನು ಓದಿದ್ದು ಅದೇ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಸಾಹುಕಾರರೇ ಕೊಟ್ಟದ್ದು. ‘ನನಗೆ ಕಣ್ಣು ಕಾಣಲ್ಲ, ನೀವು ಓದಿ ಕತೆ ಹೇಳಿ’ ಅಂದಿದ್ದರು. ದಿನಾ ಸಂಜೆ ಚೆಕ್‌ರೋಲ್ ಒಪ್ಪಿಸಿದ ಮೇಲೆ ಹತ್ತು ಪುಟದ ಕತೆ ಒಪ್ಪಿಸುತ್ತಿದ್ದೆ.

ಪಟ್ಟ ಹೋದ ರಾಜನನ್ನು ಕಂಪನಿಯವರು ಕಾಶಿಯಲ್ಲಿ ಇಟ್ಟಿದ್ದರು. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಅಲ್ಲೇ. ಕಂಪನಿಯಲ್ಲಿ ಇಟ್ಟಿದ್ದ ಹಣ ವಾಪಸು ಪಡೆಯಬೇಕು ಅಂತ 1852ರಲ್ಲಿ ರಾಜ ಇಂಗ್ಲೆಂಡಿಗೆ ಹೋದ, ಮಗಳನ್ನೂ ಕರೆದುಕೊಂಡು. ಅಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ಹೆಸರೂ ಅವಳದೇ. ಹುಡುಗಿಗೆ 11 ವರ್ಷ. ಆಮೇಲೆ ಅವಳು ಬೆಳೆದದ್ದು ಅಪ್ಪನ ಮನೆಯಲ್ಲಲ್ಲ, ಇಂಗ್ಲಿಷರ ಮನೆಗಳಲ್ಲಿ. ಪಂಜಾಬಿನ ದಲೀಪ್ ಸಿಂಗನಿಗೂ ಇವಳಿಗೂ ಮದುವೆ ಮಾಡಬೇಕು ಅಂತ ವಿಕ್ಟೋರಿಯಾಗೆ ಆಸೆ ಇತ್ತು. ರಾಜ್ಯ ಕಳೆದುಕೊಂಡ ಇಬ್ಬರನ್ನು ಜೋಡಿ ಮಾಡುವ ಉಪಾಯ! ಅವನು ಒಪ್ಪಲಿಲ್ಲ. ಕೊನೆಗೆ ವಯಸ್ಸಿನಲ್ಲಿ ಬಹಳ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್ ಜೊತೆ 1860ರಲ್ಲಿ ಮದುವೆ ಆಯಿತು, ಒಂದು ಹೆಣ್ಣು ಮಗು ಆಯಿತು. 1864ರಲ್ಲಿ, 23 ತುಂಬುವ ಮೊದಲೇ, ಅವಳು ತೀರಿಕೊಂಡಳು.

ವಿಂಟರ್‌ಹಾಲ್ಟರ್ ಅನ್ನುವ ದೊಡ್ಡ ಕಲಾವಿದ ಬರೆದ ಅವಳ ಚಿತ್ರವೊಂದು ಇಂಗ್ಲೆಂಡಿನ ಅರಮನೆಯ ಸಂಗ್ರಹದಲ್ಲಿದೆ. ಆ ಚಿತ್ರದ ಮುಖ ನೋಡಿ ಸಾಹುಕಾರರ ಮನೆಯವರು ‘ಪಾಪದ್ದು, ಮದುವೆ ಮನೆಯಲ್ಲಿ ದಾರಿ ತಪ್ಪಿದ ಕೂಸಿನ ಹಾಗಿದೆ’ ಅಂದರು. ಬೆಳ್ಳಿಯಪ್ಪನವರ ಬರವಣಿಗೆಯಲ್ಲಿ ಅಲಂಕಾರ ಇಲ್ಲ. ಕಾಗದ ಪತ್ರ ಹುಡುಕಿ, ತಾರೀಖು ಜೋಡಿಸಿ, ನೇರವಾಗಿ ಹೇಳುತ್ತಾರೆ. ಕೆಲವು ಕಡೆ ಒಣ ಅನ್ನಿಸುತ್ತೆ. ಆದರೆ ಈ ಹುಡುಗಿಯ ಬದುಕಿಗೆ ಬಣ್ಣ ಹಚ್ಚಿದ್ದರೆ ಕೆಟ್ಟು ಹೋಗುತ್ತಿತ್ತು. ಕೊಡಗಿನ ರಾಜಕುಮಾರಿ ಅಂತ ಕರೆಸಿಕೊಂಡವಳು ಒಂದು ಸಲವೂ ಕೊಡಗಿನ ಮಳೆ ನೋಡಲಿಲ್ಲ. ಅದನ್ನು ಹೇಳಿದ ಸಂಜೆ ಸಾಹುಕಾರರು ‘ಇವತ್ತಿಗೆ ಸಾಕು’ ಅಂದರು.

ಸೈನಿಕರ ಜೀವನಚರಿತ್ರೆ ಯಾಕೆ ಹೇಳಲಿಲ್ಲ ಅಂತ ನಮ್ಮವರೇ ಜಗಳಕ್ಕೆ ಬರಬಹುದು. ಹೇಳುತ್ತೇನೆ. ಅಂಥ ಪುಸ್ತಕಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲ, ಸೆಲ್ಯೂಟ್ ಹೊಡೆದುಕೊಂಡೇ ಬರೆದ ಹಾಗಿರುತ್ತವೆ. ಕಾರ್ಯಪ್ಪನವರ ಬಗ್ಗೆ ಅವರ ಮಗ ಬರೆದ ಪುಸ್ತಕ ಮಾತ್ರ ಬೇರೆ. ಆ ಮಗ ವಾಯುಪಡೆಯ ಪೈಲಟ್, 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕವರು. ಅಪ್ಪನಿಗೆ ಸೆಲ್ಯೂಟ್ ಹೊಡೆಯುವುದಕ್ಕೂ ಅಪ್ಪನ ಜೊತೆ ಊಟಕ್ಕೆ ಕೂರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ತಿಮ್ಮಯ್ಯನವರ ವಿಷಯಕ್ಕೆ ಬಂದರೆ, ಅವರ ಮನೆ ‘ಸನ್ನಿ ಸೈಡ್’ ಮಡಿಕೇರಿಯಲ್ಲೇ ಮ್ಯೂಸಿಯಂ ಆಗಿದೆ, ಹೋಗಿ ನೋಡಿ. ಭಾರತೀಸುತರನ್ನು ಬಿಟ್ಟದ್ದು ತಪ್ಪೇ. ‘ಎಡಕಲ್ಲು ಗುಡ್ಡದ ಮೇಲೆ’ ಅಂದರೆ ಎಲ್ಲರಿಗೂ ಪುಟ್ಟಣ್ಣ ಕಣಗಾಲ್ ನೆನಪಾಗುತ್ತಾರೆ, ಬರೆದವರು ಕೊಡಗಿನವರು ಅಂತ ಇಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೂರು ಮುಗಿದು ಮಳೆ ಇನ್ನೂ ನಿಲ್ಲದಿದ್ದರೆ ಅವರನ್ನು ಓದಿ.

ಪುಸ್ತಕಕ್ಕೆ ಸಂಬಂಧ ಇಲ್ಲದ ಒಂದು ಮಾತು. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಯಾರಾದರೂ ಮದ್ದುಸೊಪ್ಪಿನ ಪಾಯಸ ಕೊಟ್ಟರೆ ಬಣ್ಣ ನೋಡಿ ಬೇಡ ಅನ್ನಬೇಡಿ. ಮಾರನೇ ದಿನ ಮೂತ್ರ ಕೆಂಪಾದರೆ ಆಸ್ಪತ್ರೆಗೂ ಓಡಬೇಡಿ.

ಕೊನೆಗೆ, ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ. ಅಂಗಡಿಗಳಲ್ಲಿ ಕೇಳಿ, ತರಿಸಿಕೊಡುತ್ತಾರೆ. ಗೌರಮ್ಮನವರ ಕತೆಗಳನ್ನು ನಾನು ಮೊದಲು ಓದಿದ್ದು ಒಂದು ಲೈಬ್ರರಿಯ ಪ್ರತಿಯಲ್ಲಿ. ಯಾವುದು ಅಂತ ಬೇಡ ಬಿಡಿ. ಅದರಲ್ಲಿ ಒಂದು ಕತೆಯ ಕೊನೆಯ ಪುಟವನ್ನೇ ಯಾರೋ ಪುಣ್ಯಾತ್ಮರು ಹರಿದಿದ್ದರು. ಹೇಳಿದರೆ ಅಲ್ಲಿದ್ದವರು ‘ಉಳಿದ ಪುಟ ಎಲ್ಲಾ ಇದ್ಯಲ್ಲಾ’ ಅಂದರು. ಆ ಕತೆ ಹೇಗೆ ಮುಗಿಯುತ್ತೆ ಅಂತ ಗೊತ್ತಿಲ್ಲದೆ ಎರಡು ವರ್ಷ ಇದ್ದೆ. ನನ್ನದೇ ಎರಡು ಮೂರು ಕೊನೆಗಳನ್ನು ಕಟ್ಟಿಕೊಂಡಿದ್ದೆ, ಎಲ್ಲದರಲ್ಲೂ ಅವಳಿಗೆ ಒಳ್ಳೆಯದೇ ಆಗುತ್ತಿತ್ತು. ಆಮೇಲೆ ಮೈಸೂರಿನಲ್ಲಿ ಇಡೀ ಪುಸ್ತಕ ಸಿಕ್ಕಿತು. ಬಸ್ಸಿನಲ್ಲಿ ನಿಂತುಕೊಂಡೇ ಆ ಪುಟ ಓದಿದೆ. ನಾನು ಕಟ್ಟಿದ ಯಾವುದೂ ಅಲ್ಲ.

ಮರುವಾರ ಆ ಪುಟವನ್ನು ಚೆಕ್‌ರೋಲಿನ ಖಾಲಿ ಹಾಳೆಯಲ್ಲಿ ಕೈಯಲ್ಲಿ ಬರೆದು, ಮೈದಾ ಅಂಟು ಹಾಕಿ ಲೈಬ್ರರಿ ಪ್ರತಿಗೆ ಅಂಟಿಸಿ ಬಂದೆ. ಆ ಪ್ರತಿ ನಿಮ್ಮ ಕೈಗೆ ಸಿಕ್ಕಿದರೆ, ಹಾಳೆಯ ಅಂಚಿನಲ್ಲಿ ‘ಹೆಸರು, ಹಾಜರಿ, ಸಂಬಳ’ ಅಂತ ಅಚ್ಚಾಗಿರುತ್ತೆ. ಅದು ಕತೆಯ ಭಾಗ ಅಲ್ಲ.