ಹಬೆಯ ಬದಲು ನೀರು ಸಿಡಿಸುವ ಸ್ಟೀಮರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೈಯಲ್ಲಿ ಹಿಡಿದು ಬಳಸುವ ಬಟ್ಟೆಯ ಸ್ಟೀಮರ್ ಕೊಂಡು ಎರಡು ವರ್ಷವಾಯಿತು. ಈಗ ಹಬೆ ಕಡಿಮೆಯಾಗಿದೆ, ಬಿಸಿನೀರಿನ ಹನಿಗಳು ಸಿಡಿಯುತ್ತವೆ. ಮಗಳ ಕಪ್ಪು ಕುರ್ತಾದ ಮೇಲೆ ಬಿಳಿ ಕಲೆಗಳು ಬಿದ್ದಿವೆ. ರಿಪೇರಿಗೆ ಒಯ್ದರೆ ಹೊಸದನ್ನೇ ಕೊಳ್ಳಿ ಎಂದರು. ನಾವು ತುಂಬುವುದು ಬೋರ್‌ವೆಲ್ ನೀರು. ಇದನ್ನು ಎಸೆಯಬೇಕೇ?
— ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ದಯವಿಟ್ಟು ಎಸೆಯಬೇಡಿ. ಬೋರ್‌ವೆಲ್ ನೀರು ಎಂದು ಬರೆದಿದ್ದೀರಲ್ಲ, ಕಾರಣ ಬಹುಮಟ್ಟಿಗೆ ಅದರಲ್ಲೇ ಇದೆ. ನಿಮ್ಮ ಊರಿನ ಹೆಸರನ್ನೇ ಹೊತ್ತ ಹಾಸುಗಲ್ಲು ಸುಣ್ಣದ ಕಲ್ಲಿನ ಜಾತಿಯದು. ಅಂಥ ಕಲ್ಲಿನ ಪದರಗಳಲ್ಲಿ ಹಾದು ಬರುವ ಅಂತರ್ಜಲವು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ ಮತ್ತು ಕಾಯಿಸಿದಾಗ ಅದರಲ್ಲಿ ಒಂದಷ್ಟನ್ನು ಬಿಳಿ ಪೊರೆಯಾಗಿ ಬಿಟ್ಟುಹೋಗುತ್ತದೆ. ಸ್ನಾನಕ್ಕೆ ನೀರು ಕಾಯಿಸುವ ರಾಡ್‌ನ ಸುರುಳಿಯ ಮೇಲೆ ಕೂರುವ, ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುವ ಪೊರೆಯೇ ಸ್ಟೀಮರ್‌ನ ಒಳಗೂ ಬೆಳೆದಿದೆ. ಪೊರೆ ದಪ್ಪವಾದಂತೆ ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ, ಹಬೆಯ ರಂಧ್ರಗಳೂ ಕಟ್ಟಿಕೊಳ್ಳುತ್ತವೆ. ಅರೆ ಕಾದ ನೀರು ಹನಿಹನಿಯಾಗಿ ಸಿಡಿದು, ಜೊತೆಗೆ ಸುಣ್ಣದ ಪುಡಿಯನ್ನೂ ಬಟ್ಟೆಗೆ ತರುತ್ತದೆ.

ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಗುರುತಿನ ಗೆರೆಯವರೆಗೆ ಮಾತ್ರ ನೀರು ತುಂಬಿ, ಸಿದ್ಧವಾದದ್ದನ್ನು ತಿಳಿಸುವ ದೀಪ ಬಂದ ಮೇಲೂ ಅರ್ಧ ನಿಮಿಷ ಕಾದು, ಸ್ಟೀಮರನ್ನು ನೆಟ್ಟಗೆ ಹಿಡಿದು ಬಕೆಟ್ಟಿನತ್ತ ಒಂದು ನಿಮಿಷ ಹಬೆ ಬಿಡಿ. ಮೊದಲ ಕೆಲವು ಹನಿಗಳ ನಂತರ ಒಣ ಹಬೆ ಬಂದರೆ ಯಂತ್ರ ಸರಿಯಾಗಿದೆ; ಕಾಯುವ ಮೊದಲೇ ಗುಂಡಿ ಒತ್ತುವುದು ಅಥವಾ ವಾಲಿಸಿ ಹಿಡಿಯುವುದು ತೊಂದರೆಗೆ ಕಾರಣವಾಗಿರಬೇಕು. ಹನಿ ನಿಲ್ಲದಿದ್ದರೆ ಪೊರೆಯನ್ನು ತೆಗೆಯಲೇಬೇಕು.

ಅದಕ್ಕೆ ಅಡುಗೆಗೆ ಬಳಸುವ ಬಿಳಿ ವಿನೆಗರ್ ಸಾಕು. ಯಂತ್ರದ ಜೊತೆ ಬಂದ ಕೈಪಿಡಿಯನ್ನು ಮಾತ್ರ ಮೊದಲು ಓದಿ, ಏಕೆಂದರೆ ಕೆಲವು ತಯಾರಕರು ವಿನೆಗರನ್ನು ಒಪ್ಪುವುದಿಲ್ಲ. ಅಂಥಲ್ಲಿ ಅವರು ಹೇಳಿದ ದ್ರಾವಣವನ್ನೇ ಬಳಸಬೇಕು. ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ತೊಟ್ಟಿಯ ಅರ್ಧದಷ್ಟು ತುಂಬಿ, ಕಿಟಕಿ ತೆರೆದಿಟ್ಟು, ಅದರಲ್ಲಿ ಅರ್ಧ ಮುಗಿಯುವವರೆಗೆ ಬಕೆಟ್ಟಿನೊಳಗೆ ಹಬೆ ಬಿಡಿ. ನಂತರ ಪ್ಲಗ್ ಕಿತ್ತು ಅರ್ಧ ಗಂಟೆ ಹಾಗೆಯೇ ಬಿಟ್ಟು, ತಣ್ಣಗಾದ ಮೇಲೆ ಚೆಲ್ಲಿ, ಎರಡು ಸಲ ಒಳ್ಳೆಯ ನೀರಿನಿಂದ ತೊಳೆದು, ಕೊನೆಗೆ ಬರೀ ನೀರಿನ ಹಬೆಯನ್ನು ಹಳೆಯ ಬಿಳಿ ಬಟ್ಟೆಯ ಮೇಲೆ ಹಾಯಿಸಿ. ಬಟ್ಟೆಯ ಮೇಲೆ ಪುಡಿ ಕಾಣದಾಗುವವರೆಗೆ ಇದನ್ನು ಮುಂದುವರಿಸಿ. ರಂಧ್ರಗಳಿಗೆ ಸೂಜಿ ಹಾಕಬೇಡಿ. ಇನ್ನೊಂದು ಮಾತು: ನಿಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲೇ ಹಾಸಿದ್ದರೆ ಬಕೆಟ್ಟಿನ ಕೆಳಗೆ ಗೋಣಿಚೀಲ ಹಾಸಿಕೊಳ್ಳಿ. ಯಂತ್ರದ ಸುಣ್ಣವನ್ನು ಕರಗಿಸುವ ವಿನೆಗರ್ ಆ ಕಲ್ಲಿನ ಹೊಳಪನ್ನೂ ತಿನ್ನುತ್ತದೆ, ಕಲೆ ಮತ್ತೆ ಹೋಗುವುದಿಲ್ಲ.

ಮುಂದೆ ತೊಟ್ಟಿಗೆ ಆರ್‌ಒ ಯಂತ್ರದ ಕುಡಿಯುವ ನೀರನ್ನು ಹಾಕಿ; ಅದೇ ಯಂತ್ರದಿಂದ ಹೊರಗೆ ಹೋಗುವ ನೀರು ಬೋರ್‌ವೆಲ್ ನೀರಿಗಿಂತಲೂ ಗಡಸಾಗಿರುವುದರಿಂದ ಅದು ಬೇಡ. ನೀರನ್ನು ಕುದಿಸಿ ಆರಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ, ನೀರನ್ನು ತಿಳಿಯಾಗಿಸಲು ಹಾಕುವ ಸ್ಫಟಿಕದಿಂದ (ಆಲಂ) ಅದು ಹೋಗುವುದೇ ಇಲ್ಲ. ಕೆಲಸ ಮುಗಿದ ಮೇಲೆ ತೊಟ್ಟಿಯನ್ನು ಬರಿದು ಮಾಡಿಡುವುದು ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ ಎಂದು ನನ್ನ ಅನಿಸಿಕೆ. ಕುರ್ತಾದ ಕಲೆಗೆ ನೀರು ಬೆರೆಸಿದ ವಿನೆಗರನ್ನು ಮೊದಲು ಒಳಹೊಲಿಗೆಯ ಮೇಲೆ ಹಚ್ಚಿ ನೋಡಿ. ಬಣ್ಣ ಬಿಡದಿದ್ದರೆ ಕಲೆಯ ಮೇಲೆ ಒತ್ತಿ, ತೊಳೆದುಬಿಡಿ.

ಪ್ರಶ್ನೆ: ಜರಿಯಂಚಿನ ರೇಷ್ಮೆ ಸೀರೆಗೆ ಸ್ಟೀಮರ್ ಹಿಡಿಯಬಹುದೇ? ಇದಿದ್ದರೆ ಇಸ್ತ್ರಿಪೆಟ್ಟಿಗೆ ಬೇಡವೇ?
— ಓದುಗರೊಬ್ಬರು, ಬೀದರ್

ಉತ್ತರ: ಹಿಡಿಯಬಹುದು, ಆದರೆ ಒಂದು ಹನಿ ನೀರು ಬಿದ್ದರೂ ರೇಷ್ಮೆಯ ಮೇಲೆ ಕಲೆಯ ಗುರುತು ಉಳಿಯುವ ಸಂಭವವಿದೆ. ಆದ್ದರಿಂದ ಹಬೆಯನ್ನು ಮೊದಲು ಬೇರೆಡೆ ಬಿಟ್ಟು ಹನಿ ನಿಂತ ಮೇಲೆ, ಸೀರೆಯ ಒಳಮೈಯಿಂದ, ನಾಲ್ಕು ಬೆರಳಿನಷ್ಟು ದೂರದಲ್ಲಿ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಜರಿಗೆ ಹಬೆ ಆದಷ್ಟು ಕಡಿಮೆ ತಾಗಲಿ. ತೇವ ಪೂರ್ತಿ ಆರಿದ ಮೇಲೆಯೇ ಮಡಿಸಿಡಿ. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಕೊಟ್ಟುಬಿಡಬೇಡಿ. ಹಬೆ ನೂಲನ್ನು ಸಡಿಲಿಸಿ ಸುಕ್ಕು ಬಿಡಿಸುತ್ತದೆಯೇ ಹೊರತು, ಕಾದ ತಟ್ಟೆಯ ಭಾರವಿಲ್ಲದೆ ಖಾದಿ ಅಂಗಿಗೂ ಹತ್ತಿಯ ಪ್ಯಾಂಟಿಗೂ ಖಡಕ್ ಗೆರೆ ಬರುವುದಿಲ್ಲ.

ಪ್ರಶ್ನೆ: 1500 ವಾಟ್ ಸ್ಟೀಮರ್ ಹಾಕಿದಾಗ ಪ್ಲಗ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಏಕೆ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಬಳಕೆಯನ್ನು ಇಂದೇ ನಿಲ್ಲಿಸಿ. 230 ವೋಲ್ಟ್‌ನಲ್ಲಿ 1500 ವಾಟ್ ಎಂದರೆ ಸುಮಾರು 6.5 ಆಂಪಿಯರ್, ಫ್ಯಾನ್, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅದು ಮಿತಿ ಮೀರಿದ ಹೊರೆ. ಸಡಿಲವಾದ ಸಾಕೆಟ್ಟು, ತೆಳುವಾದ ಎಕ್ಸ್‌ಟೆನ್ಷನ್ ಬೋರ್ಡು ಇದ್ದರೆ ಶಾಖ ಇನ್ನೂ ಹೆಚ್ಚುತ್ತದೆ. ಅರ್ತಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟನ್ನೇ ಬಳಸಿ, ಕಪ್ಪಾದ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಯಿಂದ ಬದಲಾಯಿಸಿಕೊಳ್ಳಿ. ಪ್ಲಗ್‌ನ ಪ್ಲಾಸ್ಟಿಕ್ ಕರಗಿದ್ದರೆ ಸ್ಟೀಮರ್‌ನ ವೈರನ್ನೂ ಬದಲಾಯಿಸುವವರೆಗೆ ಅದನ್ನು ಮುಟ್ಟಬೇಡಿ.