ಸೋಡಿಯಂ ದಾನ ಮಾಡುವುದಿಲ್ಲ

ಸೇಡಂನಿಂದ ಲೇಖನ ಕಳಿಸಿದ ತಂಗಿಗೆ ನಮಸ್ಕಾರ.

ಪರಮಾಣುಗಳನ್ನು ಹಿಡಿದಿಡುವ ರಾಸಾಯನಿಕ ಬಂಧದ ಬಗ್ಗೆ ನೀವು ಬರೆದ ‘ಪರಮಾಣುಗಳ ಗೆಳೆತನ’ ಓದಿದೆ. ಭಾಷೆ ತಿಳಿಯಾಗಿದೆ. ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಕೂಡುತ್ತವೆ ಎಂದು 1916ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೂಯಿಸ್ ಹೇಳಿದ ವಿಚಾರ ಹೈಸ್ಕೂಲ್ ಮಕ್ಕಳಿಗೂ ತಿಳಿಯುವಂತಿದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು. ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಉಪ್ಪಿನ ಭಾಗ, ಅಂದರೆ ಸೋಡಿಯಂ, ಕ್ಲೋರಿನ್ ಕೂಡುವ ಕಥೆ. ‘ಸೋಡಿಯಂ ತನ್ನ ಕೊನೆಯ ಎಲೆಕ್ಟ್ರಾನನ್ನು ಸಂತೋಷದಿಂದ ದಾನ ಮಾಡುತ್ತದೆ’ ಎಂದು ಬರೆದಿದ್ದೀರಿ. ಇಲ್ಲ ತಂಗಿ, ಮಾಡುವುದಿಲ್ಲ. ಕಿತ್ತುಕೊಳ್ಳಬೇಕು. ಆವಿಯಾಗಿರುವ 23 ಗ್ರಾಂ ಸೋಡಿಯಂನಲ್ಲಿ ಪ್ರತಿ ಪರಮಾಣುವಿನಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅವನ್ನು ಕ್ಲೋರಿನ್ ಪರಮಾಣುಗಳು ಹಿಡಿದುಕೊಂಡಾಗ ವಾಪಸ್ ಬರುವುದು 349 ಮಾತ್ರ. ಇನ್ನೂ 147 ಕಡಿಮೆ ಬಿತ್ತಲ್ವಾ? ಬರೀ ಕೊಟ್ಟು ತೆಗೆದುಕೊಂಡರೆ ಉಪ್ಪು ಆಗುವುದೇ ಇಲ್ಲ.

ಮುಂದಿನ ಸಾಲು: ‘ಹೀಗೆ ಅವೆರಡೂ ಜೋಡಿಯಾಗಿ ಸುಖವಾಗಿರುತ್ತವೆ.’ ಉಪ್ಪಿನ ಹರಳಿನಲ್ಲಿ ಅಂಥ ಜೋಡಿ ಎಲ್ಲಿದೆ? ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ಅಯಾನು, ಅದನ್ನು ಪಡೆದ ಕ್ಲೋರಿನ್ ಋಣ ಅಯಾನು, ಅದೇ ಕ್ಲೋರೈಡ್. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಎಲ್ಲ ದಿಕ್ಕಿನಿಂದಲೂ ಸೆಳೆತ. ಬಿಡಿ ಬಿಡಿಯಾಗಿದ್ದ ಅಯಾನುಗಳು ಹೀಗೆ ಒತ್ತಾಗಿ ಕೂಡಿದಾಗ, ಅದೇ 23 ಗ್ರಾಂ ಸೋಡಿಯಂನ ಲೆಕ್ಕದಲ್ಲಿ, ಸುಮಾರು 787 ಕಿಲೋಜೂಲ್ ಹೊರಗೆ ಬರುತ್ತದೆ. ಆಗ ಕೊರತೆ ತುಂಬಿ ಇನ್ನೂ ಬಹಳ ಉಳಿಯುತ್ತದೆ. ಉಪ್ಪು ಗಟ್ಟಿಯಾಗಿ ನಿಂತಿರುವುದು ಇದರಿಂದ. ಇಷ್ಟು ಚೆಂದದ ಸಂಗತಿಯನ್ನು ಬಿಟ್ಟು ಸುಮ್ನೆ ಸಂತೋಷ, ಸುಖ ಅಂತ ಬರೆದಿದ್ದೀರಲ್ಲ, ಅದೇ ನನಗೆ ಬೇಸರ.

ಲೇಖನ ತಿದ್ದುವ ಈ ಕೆಲಸ ನಾನು ಕಲಿತದ್ದು ಕಲಬುರಗಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯ ಸಂಪಾದಕರು ಜಾಸ್ತಿ ಮಾತಾಡುತ್ತಿರಲಿಲ್ಲ. ಲೇಖನದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಯಾಕ?’ ಎಂದು ಬರೆದು ನನ್ನ ಮೇಜಿಗೆ ಕಳಿಸುತ್ತಿದ್ದರು. ಉತ್ತರ ಹುಡುಕಿಕೊಂಡು ಹೋಗುವುದು ನನ್ನ ಕೆಲಸ. ಒಮ್ಮೆ ಸುಣ್ಣದ ಬಗ್ಗೆ ಬಂದ ಲೇಖನ ಕೈಗೆ ಕೊಟ್ಟು, ‘ಭಟ್ಟಿ ನೋಡಿ ಬಾ, ಆಮ್ಯಾಲ ತಿದ್ದು’ ಎಂದು ಶಹಾಬಾದ್ ಕಡೆ ಕಳಿಸಿದರು. ಭಟ್ಟಿಯ ಹತ್ತಿರ ನಿಲ್ಲಲು ಆಗದಷ್ಟು ಝಳ. ಕಲ್ಲು ಸುಣ್ಣ ಆಗಲಿ ಎಂದು ಕಲ್ಲಿದ್ದಲು ಸುರಿಯುತ್ತಲೇ ಇದ್ದರು.

ನಿಮ್ಮ ಎರಡನೇ ತಪ್ಪು ಓದಿದಾಗ ಆ ಭಟ್ಟಿ ಕಣ್ಣಮುಂದೆ ಬಂತು. ‘ಬಂಧ ಒಡೆದಾಗ ಅದರೊಳಗೆ ಕೂಡಿಟ್ಟ ಶಕ್ತಿ ಹೊರಗೆ ಬರುತ್ತದೆ’ ಎಂದಿದ್ದೀರಿ. ಪೂರ್ತಿ ಉಲ್ಟಾ. ಬಂಧ ಒಡೆಯಲು ಶಕ್ತಿ ಕೊಡಬೇಕು, ಬಂಧ ಆಗುವಾಗ ಶಕ್ತಿ ಬರುತ್ತದೆ. ನೆಲಕ್ಕೆ ಹಾಸುವ ನಮ್ಮ ಫರ್ಸಿ ಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಶುದ್ಧ ಕಾರ್ಬೋನೇಟ್ ಹೀಗೆ ಬೇರೆಯಾಗಲು ಸುಮಾರು 178 ಕಿಲೋಜೂಲ್ ನುಂಗುತ್ತದೆ. ಅದೇ ಸುಟ್ಟ ಸುಣ್ಣಕ್ಕೆ ನೀರು ಹಾಕಿ ನೋಡಿ, ಕೊತಕೊತ ಕುದಿಯುತ್ತದೆ. ಅಲ್ಲಿ ಹೊಸ ಬಂಧಗಳು ಆಗುತ್ತಿವೆ.

ಹಾಗಾದ್ರೆ ಕಲ್ಲಿದ್ದಲು ಉರಿದಾಗ ಬಿಸಿ ಎಲ್ಲಿಂದ ಬಂತು ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಉತ್ತರ ಬರೆಯಿರಿ. ಇಂಗಾಲ ಇಂಗಾಲದ ನಡುವಿನ, ಆಮ್ಲಜನಕ ಆಮ್ಲಜನಕದ ನಡುವಿನ ಹಳೆಯ ಬಂಧ ಒಡೆಯಲು ಅಲ್ಲೂ ಖರ್ಚಿದೆ. ಅವೆರಡೂ ಕೂಡಿ ಆಗುವ ಹೊಸ ಬಂಧಗಳು ಇನ್ನೂ ಗಟ್ಟಿ. ಅದಕ್ಕೇ ಖರ್ಚಿಗಿಂತ ಬರುವುದು ಹೆಚ್ಚು.

ಈ ಎರಡು ಭಾಗ ಹೊಸದಾಗಿ ಬರೆದು ಕಳಿಸಿ. ಗೆಳೆತನದ ತಲೆಬರಹ ಬೇಡ. ಸೇಡಂನಲ್ಲೇ ಇದ್ದೀರಿ, ಸುತ್ತ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಉಪ್ಪಿಗಿಂತ ಮೊದಲು ಕಲ್ಲಿನಿಂದಲೇ ಶುರು ಮಾಡಬಹುದು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.