ಮೆಕ್ಕೆಜೋಳದ ಲದ್ದಿಹುಳುವಿಗೆ ಎಲ್ಲಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದು? ಕೃಷಿ ವಿವಿಯವರು ಹೇಳುವುದು ಹೊಲದಲ್ಲಿ ನಡೆಯುತ್ತದಾ?

ಎರಡು ಸಲ ಹೊಡೆದಿದ್ದೀರಿ, ಆದರೂ ಹೊಸ ಎಲೆಯಲ್ಲಿ ತೂತು ಬರುತ್ತಲೇ ಇದೆ ಅಂದಿದ್ದೀರಿ. ದಯವಿಟ್ಟು ಮೂರನೇ ಸಲ ಹೊಡೆಯಬೇಡಿ. ಮೊದಲು ಹೊಲಕ್ಕೆ ಇಳಿದು ಹುಳು ಬದುಕಿದೆಯಾ ನೋಡಿ. 2018ರ ಮುಂಗಾರಿನಲ್ಲಿ ನಾನೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದಿದ್ದೆ.

ಆ ವರ್ಷ ಮೇ ತಿಂಗಳಲ್ಲೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದಲ್ಲಿ ಈ ಹುಳುವನ್ನು ಗುರುತಿಸಿದ್ದರು. ಇದರ ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾಕ್ಕೆ ಬಂದಿತ್ತು. ಏಷ್ಯಾದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಕಡೆಯೇ. ನಮ್ಮೂರು ದಾವಣಗೆರೆ ಹತ್ತಿರ. ನಮಗೆ ಇದು ಹಳೇ ಕಾಂಡಕೊರಕವೋ ಹೊಸ ಹುಳುವೋ ಅನ್ನುವುದೂ ಗೊತ್ತಿರಲಿಲ್ಲ. ಗೊಬ್ಬರದ ಅಂಗಡಿಯವರು ಎರಡು ಔಷಧಿ ಬೆರೆಸಿ ಹೊಡೆಯಿರಿ ಅಂದರು. ಹೊಡೆದೆ. ವಾರ ಕಳೆದರೂ ಎಲೆ ಜರಡಿಯಾಗಿಯೇ ಕಾಣುತ್ತಿತ್ತು. ಔಷಧಿ ನಕಲಿ ಅಂದುಕೊಂಡು ಬೇರೆ ತಂದೆ, ಡೋಸ್ ಜಾಸ್ತಿ ಮಾಡಿದೆ, ಮತ್ತೆ ಹೊಡೆದೆ. ಸಾಲ ಬೆಳೆಯಿತು, ತೂತು ನಿಲ್ಲಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ ಅನಿಸುತ್ತದೆ. ನಾನು ಬದುವಿನ ಮೇಲೆ ನಿಂತು ತೂತು ನೋಡುತ್ತಿದ್ದೆ, ಹುಳು ನೋಡುತ್ತಿರಲಿಲ್ಲ. ಈ ಹುಳು ತಿನ್ನುವುದು ಸುಳಿಯ ಒಳಗೆ, ಇನ್ನೂ ಸುತ್ತಿಕೊಂಡಿರುವ ಎಲೆಯನ್ನು. ಆ ಎಲೆ ಬಿಚ್ಚಿ ಹೊರಗೆ ಬರುವುದು ಕೆಲವು ದಿನಗಳ ನಂತರ. ಅಂದರೆ ಇವತ್ತು ನಿಮಗೆ ಕಾಣುವ ತೂತು ಹಿಂದೆ ಯಾವತ್ತೋ ಆದದ್ದು. ಹುಳು ಸತ್ತ ಮೇಲೂ, ಅದು ಮೊದಲೇ ಕೊರೆದಿಟ್ಟ ಎಲೆಗಳು ಒಂದೊಂದೇ ಬಿಚ್ಚುತ್ತಾ ಹೋಗುತ್ತವೆ. ನಾವು ಅದನ್ನು ಹೊಸ ಹಾವಳಿ ಅಂದುಕೊಳ್ಳುತ್ತೇವೆ. ಅದಕ್ಕೇ ತೂತು ಲೆಕ್ಕ ಹಾಕಿ ಔಷಧಿ ಕೆಲಸ ಮಾಡಿತೋ ಇಲ್ಲವೋ ಅಂತ ತೀರ್ಮಾನ ಮಾಡಲೇಬಾರದು. ನೋಡಬೇಕಾದದ್ದು ಸುಳಿಯಲ್ಲಿ ಹಸಿ ಲದ್ದಿ ಇದೆಯಾ, ಬಿಡಿಸಿದರೆ ಜೀವಂತ ಹುಳು ಸಿಗುತ್ತದಾ ಅನ್ನುವುದನ್ನು. ಲದ್ದಿ ಒಣಗಿ ಪುಡಿಯಾಗಿದ್ದು, ಹೊಸದಾಗಿ ಬರುವ ಸುಳಿ ಹಸಿರಾಗಿದ್ದರೆ ಆ ಗಿಡದಲ್ಲಿ ಕೆಲಸ ಮುಗಿದಿದೆ.

ಇದನ್ನು ತೋರಿಸಿಕೊಟ್ಟವರು ಕೃಷಿ ವಿಜ್ಞಾನ ಕೇಂದ್ರದಿಂದ (ಕೆವಿಕೆ) ಬಂದ ವಿಜ್ಞಾನಿಯೊಬ್ಬರು. ಕರಪತ್ರ ಹಂಚಲಿಲ್ಲ. ನನ್ನ ಹೊಲದ್ದೇ ಗಿಡ ಕಿತ್ತು, ಚಾಕುವಿನಿಂದ ಸುಳಿ ಸೀಳಿದರು. ಎಷ್ಟೋ ಗಿಡದಲ್ಲಿ ಹುಳುವೇ ಇರಲಿಲ್ಲ. ಕೆಲವದರಲ್ಲಿ ಹುಳು ಸುಣ್ಣ ಬಳಿದಂತೆ ಬೆಳ್ಳಗಾಗಿ ಸೆಟೆದುಕೊಂಡಿತ್ತು. ಅದು ನನ್ನ ಔಷಧಿಯಿಂದ ಸತ್ತದ್ದಲ್ಲ. ಮೆಟಾರೈಜಿಯಂ ರಿಲೆಯಿ ಅನ್ನುವ ಶಿಲೀಂಧ್ರ, ಹಳೇ ಹೆಸರು ನೊಮುರಿಯಾ. ಧಾರವಾಡ ಕೃಷಿ ವಿವಿಯವರು ಸೋಯಾ, ಶೇಂಗಾ ತಿನ್ನುವ ಹುಳುಗಳ ಮೇಲೆ ಇದನ್ನು ಬಹಳ ಹಿಂದೆಯೇ ಪ್ರಯೋಗ ಮಾಡಿದ್ದರು. ಮೋಡ, ತೇವ ಇದ್ದಾಗ ತಾನಾಗಿಯೇ ಹರಡುತ್ತದೆ. ಜೀವ ಇದ್ದ ಹುಳುಗಳೆಲ್ಲ ದೊಡ್ಡವು, ಲದ್ದಿಯ ಬಿರಡೆಯ ಕೆಳಗೆ ಕೂತಿದ್ದವು. ನಡುಮಧ್ಯಾಹ್ನ ಎಲೆಯ ಮೇಲೆ ಹೊಡೆದ ಔಷಧಿ ಅಲ್ಲಿಗೆ ಇಳಿಯುವುದಾದರೂ ಹೇಗೆ?

ಹಾಗಾಗಿ "ಯಾವ ಔಷಧಿ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವಾಗ, ಗಿಡದ ಯಾವ ಜಾಗಕ್ಕೆ ಅಂತ ಕೇಳಿ. ಬೆಳೆ ಮೊಳಕೆ ಬಂದಾಗಿನಿಂದಲೇ ಹೊಲದಲ್ಲಿ ಅಂಕುಡೊಂಕಾಗಿ ನಡೆದು, 5 ಕಡೆ ನಿಂತು, ಒಂದೊಂದು ಕಡೆ 20 ಗಿಡ ನೋಡಿ. ಒಟ್ಟು 100 ಆಯಿತಲ್ವಾ, ಶೇಕಡಾ ಲೆಕ್ಕ ಅಲ್ಲೇ ಸಿಗುತ್ತದೆ. ಎಲೆಯ ಮೇಲೆ ಕೂದಲು ಮೆತ್ತಿದಂತಹ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಹಿಸುಕಿಹಾಕಿ. ಬೆಳೆ ಚಿಕ್ಕದಿದ್ದಾಗ 100ರಲ್ಲಿ 5 ಗಿಡಕ್ಕೆ ಹುಳು ಬಿದ್ದಿದ್ದರೆ ಶೇ 5ರ ಬೇವಿನ ಬೀಜದ ಕಷಾಯ ಸಾಕು. ಸುಳಿ ದೊಡ್ಡದಾಗುವ ಹಂತದಲ್ಲಿ 10 ದಾಟಿದರೆ ಮಾತ್ರ ಸ್ಪೈನೆಟೋರಮ್ ಅಥವಾ ಕ್ಲೋರಾಂಟ್ರನಿಲಿಪ್ರೋಲ್ ಅನ್ನುವ ಕೀಟನಾಶಕ, ಅದೂ ಹುಳು ಚಿಕ್ಕದಿರುವಾಗ. ಬೆಳಿಗ್ಗೆ ಅಥವಾ ಸಂಜೆ, ನಾಜಲ್ಲು ನೇರ ಸುಳಿಗೆ ಬರುವಂತೆ ಹೊಡೆಯಿರಿ. ದೊಡ್ಡ ಹುಳುವಿಗೆ ಸ್ಪ್ರೇ ಸುಮ್ನೆ ಖರ್ಚು, ಅದಕ್ಕೆ ವಿಷ ಪಾಷಾಣವೇ ಸರಿ. 10 ಕೆಜಿ ತೌಡಿಗೆ 2 ಕೆಜಿ ಬೆಲ್ಲ, 2-3 ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸಿ, ಕೀಟನಾಶಕ ಸೇರಿಸಿ ಸುಳಿಗೆ ಹಾಕುವುದು. ಆಗ ನಮಗೆ ಹೇಳಿದ್ದು ಥಯೋಡಿಕಾರ್ಬ್ 100 ಗ್ರಾಂ. ಈಗ ಯಾವುದಕ್ಕೆ ಅನುಮತಿ ಇದೆ ಅಂತ ಕೆವಿಕೆಯಲ್ಲಿ ಕೇಳಿಯೇ ಬಳಸಿ. ಕೈಗವಸು ಇಲ್ಲದೆ ಮುಟ್ಟಬೇಡಿ, ದನಕರು ಆ ಕಡೆ ಹೋಗದಂತೆ ನೋಡಿಕೊಳ್ಳಿ.

ವಿವಿಯವರ ಮಾತು ಹೊಲದಲ್ಲಿ ನಡೆಯುತ್ತದಾ ಅಂದರೆ, ಹೊಲದಲ್ಲಿ ನಿಂತು ಹೇಳಿದರೆ ನಡೆಯುತ್ತದೆ. ಅವರ ಮೇಲೆ ನನ್ನ ತಕರಾರು ಒಂದೇ. ತರಬೇತಿಯನ್ನು ಸಭಾಂಗಣದಲ್ಲಿ, ಬೆಳೆ ಎದೆಮಟ್ಟ ಬೆಳೆದ ಮೇಲೆ ಇಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ. ಬಿತ್ತಿದ 15-20 ದಿನದೊಳಗೆ ಊರಿಗೊಂದು ಹೊಲದಲ್ಲಿ ಸುಳಿ ಸೀಳಿ ತೋರಿಸಬೇಕು. ಅವರಾಗಿ ಬರುತ್ತಾರೆ ಅಂತ ಕಾಯಬೇಡಿ. ನಾಲ್ಕು ಜನ ರೈತರು ಸೇರಿ ಕೆವಿಕೆಗೆ ಹೋಗಿ ಕರೆಯಿರಿ. ನಾವು ಹಾಗೇ ಕರೆದಿದ್ದು, ಬಂದರು.

ನಿಮ್ಮ ಬೆಳೆ ಎಷ್ಟು ದಿನದ್ದು ಅಂತ ಬರೆದಿಲ್ಲ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಂದಿದ್ದರೆ ರಾಸಾಯನಿಕಕ್ಕೆ ಹಾಕುವ ದುಡ್ಡು ವಾಪಸ್ ಬರುವುದಿಲ್ಲ. ತೆನೆಯಲ್ಲಿ ಸಿಕ್ಕ ಹುಳುವನ್ನು ಕೈಯಲ್ಲೇ ಆರಿಸಿ. ಇನ್ನೂ ಸುಳಿ ಹಂತದಲ್ಲಿದ್ದರೆ ನಾಳೆ ಬೆಳಿಗ್ಗೆ 100 ಗಿಡ ನೋಡಿ, ಹಸಿ ಲದ್ದಿ ಎಷ್ಟರಲ್ಲಿತ್ತು ಅಂತ ಇಲ್ಲೇ ಬರೆಯಿರಿ. ಆಮೇಲೆ ಔಷಧಿಯ ಮಾತಾಡೋಣ.